ನಿಮ್ಮ ಕಾರಿಗೆ ಯಾವ ಆಕ್ಟೇನ್‌ ಸಂಖ್ಯೆಯ ಪೆಟ್ರೋಲ್ ಸರಿ: ಸಮಗ್ರ ಮಾರ್ಗದರ್ಶಿ

ಪೆಟ್ರೋಲ್ ಬಂಕಿನ ಯಂತ್ರದ ಮೇಲೆ ಎರಡೋ ಮೂರೋ ಸಂಖ್ಯೆಗಳು ಕಾಣಿಸುತ್ತವೆ. ಸಂಖ್ಯೆ ಏರಿದಂತೆ ಬೆಲೆಯೂ ಏರುತ್ತದೆ. ಆದ್ದರಿಂದ ದೊಡ್ಡ ಸಂಖ್ಯೆಯ ಪೆಟ್ರೋಲ್ ಹೆಚ್ಚು ಶುದ್ಧವಾದದ್ದು, ಹೆಚ್ಚು ಶಕ್ತಿ ಕೊಡುವಂಥದ್ದು ಎಂದು ಗ್ರಾಹಕರು ಊಹಿಸುತ್ತಾರೆ. ಕೆಲವರು ಕಾರಿನ ಮೇಲಿನ ಅಕ್ಕರೆಯಿಂದ ದುಬಾರಿಯದನ್ನೇ ಹಾಕಿಸುತ್ತಾರೆ; ಇನ್ನು ಕೆಲವರು ಎಲ್ಲವೂ ಒಂದೇ ಎಂದು ಅಗ್ಗದ್ದನ್ನೇ ಹಾಕಿಸುತ್ತಾರೆ. ಮೊದಲನೆಯವರಿಗೆ ಹೆಚ್ಚಿನ ಸಂದರ್ಭಗಳಲ್ಲಿ ಹಣ ಮಾತ್ರ ನಷ್ಟವಾಗುತ್ತದೆ. ಎರಡನೆಯವರಿಗೆ ಕೆಲವು ಕಾರುಗಳ ವಿಷಯದಲ್ಲಿ ಎಂಜಿನ್ನೇ ನಷ್ಟವಾಗಬಹುದು. ಸರಿಯಾದ ಸಂಖ್ಯೆ ಯಾವುದೆಂಬುದನ್ನು ಎಂಜಿನ್ನನ್ನು ರೂಪಿಸಿದವರು ಆಗಲೇ ನಿರ್ಧರಿಸಿಟ್ಟಿರುತ್ತಾರೆ. ಅದನ್ನು ಹುಡುಕುವುದು, ಸರಿಯಾಗಿ ಓದುವುದು ಮತ್ತು ನಮ್ಮ ಬಳಕೆಗೆ ಅನ್ವಯಿಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ.

ಸಂಖ್ಯೆ ಏನನ್ನು ಅಳೆಯುತ್ತದೆ

ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನೊಳಗೆ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಪಿಸ್ಟನ್ ಒತ್ತಿ ಕುಗ್ಗಿಸುತ್ತದೆ. ಪಿಸ್ಟನ್ ಮೇಲ್ತುದಿಯನ್ನು ತಲುಪುವುದಕ್ಕೆ ತುಸು ಮೊದಲೇ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಆ ಕಿಡಿಯಿಂದ ಹುಟ್ಟಿದ ಜ್ವಾಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಕ್ರಮವಾಗಿ ಹರಡಬೇಕು. ಹೀಗೆ ಹರಡುವಾಗ, ಇನ್ನೂ ಉರಿಯದೆ ಮೂಲೆಯಲ್ಲಿ ಉಳಿದಿರುವ ಮಿಶ್ರಣದ ಮೇಲೆ ಒತ್ತಡವೂ ಶಾಖವೂ ಏರುತ್ತ ಹೋಗುತ್ತವೆ. ಜ್ವಾಲೆ ತಲುಪುವವರೆಗೆ ಆ ಮಿಶ್ರಣ ತಡೆದುಕೊಂಡರೆ ಎಲ್ಲವೂ ಸರಿ. ತಡೆದುಕೊಳ್ಳದೆ ತಾನಾಗಿಯೇ ಒಮ್ಮೆಲೇ ಹೊತ್ತಿಕೊಂಡರೆ ಒತ್ತಡದ ಅಲೆಗಳು ಎದ್ದು ಸಿಲಿಂಡರಿನ ಗೋಡೆಗಳಿಗೆ ಅಪ್ಪಳಿಸುತ್ತವೆ. ಇದನ್ನೇ ನಾಕಿಂಗ್ ಎನ್ನುತ್ತಾರೆ.

ನಾಕಿಂಗ್‌ನ ಅಪಾಯ ಅದರ ಸದ್ದಿನಲ್ಲಿಲ್ಲ. ಸಿಲಿಂಡರಿನ ಗೋಡೆಗೂ ಪಿಸ್ಟನ್ನಿನ ತಲೆಗೂ ಅಂಟಿಕೊಂಡಂತೆ ತುಲನಾತ್ಮಕವಾಗಿ ತಣ್ಣಗಿರುವ ಅನಿಲದ ಒಂದು ತೆಳುವಾದ ಪದರವಿರುತ್ತದೆ. ಉರಿಯ ಶಾಖ ನೇರವಾಗಿ ಲೋಹಕ್ಕೆ ತಾಗದಂತೆ ಅದು ಕಾಪಾಡುತ್ತದೆ. ನಾಕಿಂಗ್‌ನ ಅಲೆಗಳು ಈ ಪದರವನ್ನು ಕದಡುತ್ತವೆ. ಆಗ ಪಿಸ್ಟನ್ನಿನ ಅಂಚು ಸವೆಯುತ್ತದೆ, ಉಂಗುರಗಳು ಕೂರುವ ಭಾಗ ಬಿರಿಯುತ್ತದೆ, ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ ಸುಡುತ್ತದೆ. ಅಪರೂಪಕ್ಕೊಮ್ಮೆ ಲಘುವಾಗಿ ಕೇಳಿಸುವ ಸದ್ದಿನಿಂದ ಇಷ್ಟೆಲ್ಲ ಆಗುವುದಿಲ್ಲ. ಭಾರ ಹೊತ್ತು ದೀರ್ಘಕಾಲ ಹಾಗೆಯೇ ಓಡಿಸಿದರೆ ಆಗುತ್ತದೆ.

ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಈ ಗುಣದ ಅಳತೆಯೇ ಆಕ್ಟೇನ್ ಸಂಖ್ಯೆ. ಗ್ರಹಾಂ ಎಡ್ಗರ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ 1920ರ ದಶಕದಲ್ಲಿ ಇದಕ್ಕೆ ಎರಡು ಶುದ್ಧ ದ್ರವಗಳನ್ನು ಮಾನದಂಡವಾಗಿ ಸೂಚಿಸಿದರು. ನಾಕಿಂಗನ್ನು ಚೆನ್ನಾಗಿ ತಡೆಯುವ ಐಸೋ ಆಕ್ಟೇನ್‌ಗೆ 100, ಬಹುಬೇಗ ನಾಕ್ ಆಗುವ ನಾರ್ಮಲ್ ಹೆಪ್ಟೇನ್‌ಗೆ 0. ಒಂದು ಪೆಟ್ರೋಲಿನ ಸಂಖ್ಯೆ 95 ಎಂದರೆ, ಪರೀಕ್ಷಾ ಎಂಜಿನ್ನಿನಲ್ಲಿ ಅದು 95 ಪಾಲು ಐಸೋ ಆಕ್ಟೇನ್ ಮತ್ತು 5 ಪಾಲು ಹೆಪ್ಟೇನ್ ಬೆರೆಸಿದ ದ್ರವದಂತೆಯೇ ವರ್ತಿಸುತ್ತದೆ ಎಂದರ್ಥ. ಅದರಲ್ಲಿ ನಿಜವಾಗಿ 95 ಪಾಲು ಆಕ್ಟೇನ್ ಇದೆ ಎಂದಲ್ಲ. ನಿಜವಾದ ಪೆಟ್ರೋಲ್ ನೂರಾರು ಬಗೆಯ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಐಸೋ ಆಕ್ಟೇನ್‌ಗಿಂತಲೂ ಚೆನ್ನಾಗಿ ತಡೆಯುವ ಇಂಧನಗಳು ಇರುವುದರಿಂದ 100ನ್ನು ಮೀರಿದ ಸಂಖ್ಯೆಗಳೂ ಸಾಧ್ಯ.

ಈ ಸಂಖ್ಯೆಗೂ ಇಂಧನದಲ್ಲಿರುವ ಶಕ್ತಿಯ ಪ್ರಮಾಣಕ್ಕೂ ನೇರ ಸಂಬಂಧವಿಲ್ಲ ಎಂಬುದಕ್ಕೆ ಎಥನಾಲ್‌ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅದರ ಆಕ್ಟೇನ್ ಸಂಖ್ಯೆ ಸಾಮಾನ್ಯ ಪೆಟ್ರೋಲಿಗಿಂತ ಬಹಳ ಹೆಚ್ಚು, 108ರ ಆಸುಪಾಸಿನದು. ಆದರೆ ಒಂದು ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ. ಆಕ್ಟೇನ್ ತಾಳ್ಮೆಯ ಅಳತೆಯೇ ಹೊರತು ಬಲದ ಅಳತೆಯಲ್ಲ.

ಹಾಗಿದ್ದರೆ ಹೆಚ್ಚು ಆಕ್ಟೇನ್‌ನ ಇಂಧನವನ್ನು ತಯಾರಿಸುವುದಾದರೂ ಏಕೆ? ಮಿಶ್ರಣವನ್ನು ಹೆಚ್ಚು ಒತ್ತಿ ಉರಿಸಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸವನ್ನು ಪಡೆಯಬಹುದು ಎಂಬುದು ಉಷ್ಣಶಾಸ್ತ್ರದ ನಿಯಮ. ಹೆಚ್ಚು ಒತ್ತಿದಾಗ ನಾಕಿಂಗ್ ಆಗದಿರಲು ತಾಳ್ಮೆಯುಳ್ಳ ಇಂಧನ ಬೇಕು. ಮಾಜ್ದಾ ಕಂಪನಿಯ ಸ್ಕೈಆಕ್ಟಿವ್-ಜಿ ಎಂಜಿನ್ ಇದಕ್ಕೆ ಸ್ಪಷ್ಟ ಉದಾಹರಣೆ. 95ರ ಪೆಟ್ರೋಲ್ ಸಾಮಾನ್ಯವಾಗಿರುವ ಯುರೋಪಿನಲ್ಲಿ ಅದರ ಕಂಪ್ರೆಷನ್ ಅನುಪಾತ, ಅಂದರೆ ಮಿಶ್ರಣವನ್ನು ಎಷ್ಟು ಪಟ್ಟು ಕುಗ್ಗಿಸಲಾಗುತ್ತದೆ ಎಂಬ ಅಳತೆ, 14ಕ್ಕೆ 1 ಇತ್ತು. ಕಡಿಮೆ ಆಕ್ಟೇನ್‌ನ ಪೆಟ್ರೋಲೇ ಸಾಮಾನ್ಯವಾಗಿರುವ ಅಮೆರಿಕಕ್ಕೆ ಅದನ್ನು 13ಕ್ಕೆ 1ರಂತೆ ತಗ್ಗಿಸಿ ಕಳುಹಿಸಿದರು. ಇಂಧನವನ್ನು ನೋಡಿಯೇ ಎಂಜಿನ್ನನ್ನು ರೂಪಿಸಲಾಗುತ್ತದೆ. 14ಕ್ಕೆ 1ರ ಎಂಜಿನ್ನಿಗೆ 95ರ ಪೆಟ್ರೋಲಿನಿಂದ ಪ್ರಯೋಜನವಿದೆ. 10ಕ್ಕೆ 1ರ ಸಾಧಾರಣ ಎಂಜಿನ್ನಿಗೆ ಅದೇ ಪೆಟ್ರೋಲನ್ನು ಸುರಿದರೆ ಆ ಹೆಚ್ಚಿನ ತಾಳ್ಮೆಯನ್ನು ಬಳಸಿಕೊಳ್ಳುವ ದಾರಿಯೇ ಅದಕ್ಕಿರುವುದಿಲ್ಲ.

ಮೊದಲ ಹೆಜ್ಜೆ: ನಿಮ್ಮ ಕಾರಿನ ಸಂಖ್ಯೆಯನ್ನು ಹುಡುಕಿ

ಇಂಧನ ತುಂಬುವ ಬಾಯಿಯ ಹೊರಮುಚ್ಚಳವನ್ನು ತೆರೆದು ಅದರ ಒಳಬದಿಯನ್ನು ನೋಡಿ. ಬಹುತೇಕ ಕಾರುಗಳಲ್ಲಿ ಅಲ್ಲಿ ಒಂದು ಚೀಟಿ ಇರುತ್ತದೆ. ಬಳಿಕ ಕಾರಿನೊಂದಿಗೆ ಬಂದ ಕೈಪಿಡಿಯಲ್ಲಿ ಇಂಧನದ ಅಧ್ಯಾಯವನ್ನು ಪೂರ್ತಿಯಾಗಿ ಓದಿ, ಏಕೆಂದರೆ ಚೀಟಿಯಲ್ಲಿ ಸಂಖ್ಯೆ ಮಾತ್ರ ಇರುತ್ತದೆ, ಷರತ್ತುಗಳು ಕೈಪಿಡಿಯಲ್ಲಿರುತ್ತವೆ. ಕೈಪಿಡಿ ಕಳೆದುಹೋಗಿದ್ದರೆ ತಯಾರಕರ ಜಾಲತಾಣದಲ್ಲಿ ಅದರ ಪ್ರತಿ ಸಾಮಾನ್ಯವಾಗಿ ಸಿಗುತ್ತದೆ. ಹುಡುಕುವಾಗ ಕಾರಿನ ಹೆಸರಷ್ಟೇ ಸಾಲದು. ತಯಾರಾದ ವರ್ಷವೂ ಎಂಜಿನ್ನಿನ ಬಗೆಯೂ ಹೊಂದಬೇಕು. ಒಂದೇ ಹೆಸರಿನ ಕಾರು ಸಾಧಾರಣ ಎಂಜಿನ್ನಿನಲ್ಲೂ, ಗಾಳಿಯನ್ನು ಒತ್ತಿ ಒಳತುಂಬುವ ಟರ್ಬೋ ಎಂಜಿನ್ನಿನಲ್ಲೂ ಬರುವುದುಂಟು, ಮತ್ತು ಇವೆರಡಕ್ಕೆ ಬೇಕಾದ ಪೆಟ್ರೋಲ್ ಬೇರೆ ಬೇರೆಯಾಗಿರಬಹುದು.

ಎರಡನೆಯ ಹೆಜ್ಜೆ: ಅದು ಯಾವ ಮಾಪನದ ಸಂಖ್ಯೆ ಎಂದು ಖಚಿತಪಡಿಸಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಆಕ್ಟೇನ್ ಸಂಖ್ಯೆಯನ್ನು ಕಂಡುಹಿಡಿಯಲು, ಓಡುತ್ತಿರುವಾಗಲೇ ಕಂಪ್ರೆಷನ್ ಅನುಪಾತವನ್ನು ಬದಲಾಯಿಸಬಹುದಾದ ಒಂದೇ ಸಿಲಿಂಡರಿನ ವಿಶೇಷ ಎಂಜಿನ್ನನ್ನು ಬಳಸುತ್ತಾರೆ. ಅದನ್ನು ಎರಡು ವಿಧದಲ್ಲಿ ಓಡಿಸಬಹುದು. ನಿಮಿಷಕ್ಕೆ 600 ಸುತ್ತುಗಳ ನಿಧಾನ ವೇಗದಲ್ಲಿ ಸೌಮ್ಯವಾದ ಪರಿಸ್ಥಿತಿಯಲ್ಲಿ ಓಡಿಸಿದಾಗ ಸಿಗುವುದು ರಿಸರ್ಚ್ ಆಕ್ಟೇನ್ ನಂಬರ್, ಅಂದರೆ ಆರ್‌ಒಎನ್. ನಿಮಿಷಕ್ಕೆ 900 ಸುತ್ತುಗಳ ವೇಗದಲ್ಲಿ, ಮಿಶ್ರಣವನ್ನು ಸುಮಾರು 149 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಒಳಬಿಟ್ಟು ಓಡಿಸಿದಾಗ ಸಿಗುವುದು ಮೋಟರ್ ಆಕ್ಟೇನ್ ನಂಬರ್, ಅಂದರೆ ಎಂಒಎನ್. ಎರಡನೆಯ ಪರೀಕ್ಷೆ ಕಠಿಣವಾದದ್ದರಿಂದ ಅದೇ ಪೆಟ್ರೋಲಿಗೆ ಎಂಒಎನ್ ಸಾಮಾನ್ಯವಾಗಿ 8ರಿಂದ 10ರಷ್ಟು ಕಡಿಮೆ ಬರುತ್ತದೆ. ಯುರೋಪಿನ ಮಾನದಂಡ ಇದಕ್ಕೆ ನಿದರ್ಶನ. ಅಲ್ಲಿನ ಸಾಮಾನ್ಯ ಪೆಟ್ರೋಲ್ ಕನಿಷ್ಠ 95 ಆರ್‌ಒಎನ್ ಮತ್ತು 85 ಎಂಒಎನ್ ಇರಬೇಕು.

ಯುರೋಪ್, ಭಾರತ, ಆಸ್ಟ್ರೇಲಿಯಾ ಮೊದಲಾದ ಹೆಚ್ಚಿನ ಕಡೆಗಳಲ್ಲಿ ಬಳಕೆಯಲ್ಲಿರುವುದು ಆರ್‌ಒಎನ್. ಅಮೆರಿಕ ಮತ್ತು ಕೆನಡಾಗಳಲ್ಲಿ ಎರಡೂ ಸಂಖ್ಯೆಗಳನ್ನು ಕೂಡಿಸಿ ಅರ್ಧ ಮಾಡಿ ಬಂದ ಸರಾಸರಿಯನ್ನು ತೋರಿಸುತ್ತಾರೆ; ಅದರ ಹೆಸರು ಆಂಟಿ ನಾಕ್ ಇಂಡೆಕ್ಸ್, ಸಂಕ್ಷಿಪ್ತವಾಗಿ ಎಕೆಐ. ಹೀಗಾಗಿ ಒಂದೇ ಪೆಟ್ರೋಲ್ ಎರಡು ಕಡೆಗಳಲ್ಲಿ ಎರಡು ಸಂಖ್ಯೆಗಳನ್ನು ಹೊತ್ತಿರುತ್ತದೆ. 87 ಎಕೆಐ ಎಂದರೆ ಸುಮಾರು 91 ಆರ್‌ಒಎನ್. 91 ಎಕೆಐ ಎಂದರೆ ಸುಮಾರು 95ರಿಂದ 96 ಆರ್‌ಒಎನ್. 93 ಎಕೆಐ ಎಂದರೆ ಸುಮಾರು 98 ಆರ್‌ಒಎನ್. ಆರ್‌ಒಎನ್‌ನಿಂದ ನಾಲ್ಕೈದನ್ನು ಕಳೆದರೆ ಎಕೆಐ ಸಿಗುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು.

ಇದರ ಪರಿಣಾಮವನ್ನು ಗಮನಿಸಿ. 87 ಎಂದು ಬರೆದಿರುವ ಅಮೆರಿಕದ ಕೈಪಿಡಿಯನ್ನು ನೋಡಿ, ಕನಿಷ್ಠ 91 ಆರ್‌ಒಎನ್ ಸಿಗುವ ದೇಶದಲ್ಲಿರುವವನು ಗಾಬರಿಯಾಗಬೇಕಿಲ್ಲ. ಅವನಿಗೆ ಬೇಕಾದದ್ದೇ ಸಿಗುತ್ತಿದೆ. ಆದರೆ 91 ಎಕೆಐ ಬೇಕೆಂದಿರುವ ಕೈಪಿಡಿಯನ್ನು ಓದಿ 91 ಆರ್‌ಒಎನ್ ಪೆಟ್ರೋಲ್ ಹಾಕಿಸಿದವನು, ಸಂಖ್ಯೆ ಸರಿಯಾಗಿಯೇ ಇದೆ ಎಂಬ ನಂಬಿಕೆಯಲ್ಲಿ ತನ್ನ ಎಂಜಿನ್ನಿಗೆ ಬೇಕಾದದ್ದಕ್ಕಿಂತ ನಾಲ್ಕೈದು ಅಂಕ ಕಡಿಮೆಯ ಇಂಧನವನ್ನು ಕೊಡುತ್ತಿರುತ್ತಾನೆ. ಆಮದಾದ ಕಾರನ್ನು, ಅದರಲ್ಲೂ ಎರಡನೆಯ ಕೈ ಕಾರನ್ನು ಕೊಂಡವರು ಈ ಪರಿಶೀಲನೆಯನ್ನು ತಪ್ಪದೆ ಮಾಡಬೇಕು. ಸಂಖ್ಯೆಯ ಪಕ್ಕದಲ್ಲಿ ಆರ್‌ಒಎನ್ ಎಂದಿದೆಯೇ, ಅಥವಾ ಆರ್ ಮತ್ತು ಎಂ ಅಕ್ಷರಗಳನ್ನು ಕೂಡಿಸಿ ಎರಡರಿಂದ ಭಾಗಿಸಿದ ಸೂತ್ರವಿದೆಯೇ ಎಂದು ನೋಡಿದರೆ ಸಂದೇಹ ಪರಿಹಾರವಾಗುತ್ತದೆ.

ಮೂರನೆಯ ಹೆಜ್ಜೆ: ಕೈಪಿಡಿಯ ಕ್ರಿಯಾಪದವನ್ನು ಓದಿ

ಒಂದು ಕೈಪಿಡಿ 95 ಆರ್‌ಒಎನ್ ಕಡ್ಡಾಯ ಎನ್ನಬಹುದು. ಇನ್ನೊಂದು 95ನ್ನು ಶಿಫಾರಸು ಮಾಡಿ, 91ನ್ನೂ ಬಳಸಬಹುದು ಎನ್ನಬಹುದು. ಮತ್ತೊಂದು ಕನಿಷ್ಠ 91 ಎಂದಷ್ಟೇ ಹೇಳಬಹುದು. ಈ ಮೂರೂ ಒಂದೇ ಅಲ್ಲ.

ಕನಿಷ್ಠ 91 ಎಂದಿದ್ದು, ಹೆಚ್ಚಿನ ಸಂಖ್ಯೆಯ ಶಿಫಾರಸು ಎಲ್ಲಿಯೂ ಇಲ್ಲದಿದ್ದರೆ 91ನ್ನು ಹಾಕಿಸಿ, ನಿಶ್ಚಿಂತರಾಗಿರಿ. ಕಡ್ಡಾಯ ಎಂದಿದ್ದರೆ ಅದರಲ್ಲಿ ಉಳಿತಾಯದ ಯೋಚನೆಯನ್ನೇ ಮಾಡಬೇಡಿ. ತಪ್ಪು ಇಂಧನದಿಂದ ಆದ ಹಾನಿ ಸಾಮಾನ್ಯವಾಗಿ ವಾರಂಟಿಯ ವ್ಯಾಪ್ತಿಗೆ ಬರುವುದಿಲ್ಲ. ಯೋಚಿಸಿ ನಿರ್ಧರಿಸಬೇಕಾದದ್ದು ಶಿಫಾರಸಿನ ಸಂದರ್ಭದಲ್ಲಿ ಮಾತ್ರ. ಅದಕ್ಕೆ ಎಂಜಿನ್ ತನ್ನನ್ನು ತಾನು ಹೇಗೆ ಕಾಪಾಡಿಕೊಳ್ಳುತ್ತದೆ ಎಂಬುದು ಗೊತ್ತಿರಬೇಕು.

ಈಗಿನ ಎಂಜಿನ್ನುಗಳ ಮೈಗೆ ನಾಕ್ ಸೆನ್ಸರ್ ಎಂಬ ಸಣ್ಣ ಸಾಧನವನ್ನು ಜೋಡಿಸಿರುತ್ತಾರೆ. ಅದರೊಳಗಿನ ಹರಳು ನಾಕಿಂಗ್‌ನ ಕಂಪನವನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಆ ಸಂಕೇತ ಬಂದ ಕೂಡಲೇ ಎಂಜಿನ್ನಿನ ಕಂಪ್ಯೂಟರ್ ಕಿಡಿ ಹಾರುವ ಸಮಯವನ್ನು ತುಸು ತಡ ಮಾಡುತ್ತದೆ. ಕಂಪನ ನಿಂತರೆ ಅದನ್ನು ಮೆಲ್ಲಗೆ ಹಿಂದಿನ ಜಾಗಕ್ಕೆ ತರುತ್ತದೆ. ಹೀಗೆ ಎಂಜಿನ್ ಉಳಿಯುತ್ತದೆ, ಆದರೆ ಬೆಲೆ ತೆರುತ್ತದೆ. ತಡವಾಗಿ ಹೊತ್ತಿದ ಮಿಶ್ರಣದ ಶಾಖದ ಒಂದು ಭಾಗ ಪಿಸ್ಟನ್ನನ್ನು ತಳ್ಳುವ ಬದಲು ಹೊಗೆ ಕೊಳವೆಯತ್ತ ಹೋಗುತ್ತದೆ. ಶಕ್ತಿ ಕುಗ್ಗುತ್ತದೆ, ಮೈಲೇಜ್ ತಗ್ಗುತ್ತದೆ, ಟರ್ಬೋ ಮತ್ತು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹೆಚ್ಚು ಕಾಯುತ್ತವೆ. ಸೆನ್ಸರ್ ಇದೆಯಲ್ಲ, ಯಾವ ಪೆಟ್ರೋಲ್ ಹಾಕಿದರೂ ನಡೆಯುತ್ತದೆ ಎಂದು ಹೇಳುವವರನ್ನು ಕಂಡಾಗ ನನಗೆ ಕಳವಳವಾಗುತ್ತದೆ. ಸೆನ್ಸರ್ ಇರುವುದು ಅಪರೂಪಕ್ಕೆ ಆಗುವ ವ್ಯತ್ಯಾಸವನ್ನು ಸಂಭಾಳಿಸುವುದಕ್ಕೆ. ಪ್ರತಿದಿನದ ಕೊರತೆಯನ್ನು ಅದರ ಹೆಗಲಿಗೆ ಹಾಕುವುದು ಸರಿಯಲ್ಲ. ಅದು ನಾಕಿಂಗ್ ಶುರುವಾದ ಮೇಲೆ ಸ್ಪಂದಿಸುತ್ತದೆ, ಮೊದಲೇ ಅಲ್ಲ. ತಡ ಮಾಡುವುದಕ್ಕೂ ಒಂದು ಮಿತಿಯಿದೆ.

ಶಿಫಾರಸಿಗೂ ಅನಗತ್ಯಕ್ಕೂ ಇರುವ ವ್ಯತ್ಯಾಸವನ್ನು ಅಮೆರಿಕದ ವಾಹನ ಮಾಲೀಕರ ಸಂಘವಾದ ಎಎಎ ಎರಡು ಬಾರಿ ಪರೀಕ್ಷಿಸಿದೆ. ಸಾಮಾನ್ಯ ಪೆಟ್ರೋಲಿಗೆಂದೇ ರೂಪಿಸಿದ ಕಾರುಗಳಲ್ಲಿ ದುಬಾರಿ ಪೆಟ್ರೋಲಿನಿಂದ ಗಣನೀಯ ಪ್ರಯೋಜನವೇನೂ ಇಲ್ಲ ಎಂದು 2016ರಲ್ಲಿ ವರದಿ ಮಾಡಿತು. ಹೆಚ್ಚಿನ ಆಕ್ಟೇನನ್ನು ಶಿಫಾರಸು ಮಾಡುವ, ಆದರೆ ಕಡ್ಡಾಯ ಮಾಡದ ಕಾರುಗಳನ್ನು 2017ರಲ್ಲಿ ಪರೀಕ್ಷಿಸಿದಾಗ, ಇಂಧನ ಕ್ಷಮತೆಯಲ್ಲಿ ಸರಾಸರಿ ಶೇ 2.7ರಷ್ಟು ಸುಧಾರಣೆ ಕಂಡುಬಂತು. ಪ್ರಯೋಜನ ಇದೆ, ಆದರೆ ಬೆಲೆಯ ವ್ಯತ್ಯಾಸವನ್ನು ಅದು ತುಂಬಿಕೊಡುತ್ತದೆಯೇ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಆ ಲೆಕ್ಕವನ್ನು ಮುಂದೆ ಹೇಳುತ್ತೇನೆ.

ನಾಲ್ಕನೆಯ ಹೆಜ್ಜೆ: ಎಥನಾಲ್‌ನ ಪ್ರಮಾಣವನ್ನು ಬೇರೆಯಾಗಿ ನೋಡಿ

ಬಂಕಿನಲ್ಲಿ ಇ5, ಇ10, ಇ20 ಎಂಬ ಗುರುತುಗಳಿದ್ದರೆ ಅವು ಆಕ್ಟೇನ್ ಸಂಖ್ಯೆಗಳಲ್ಲ. ಪೆಟ್ರೋಲಿನಲ್ಲಿ ಗರಿಷ್ಠ ಶೇಕಡಾ ಎಷ್ಟು ಎಥನಾಲ್ ಬೆರೆತಿರಬಹುದು ಎಂಬುದರ ಸೂಚನೆ. ಆಕ್ಟೇನ್ ಸರಿಯಿದ್ದೂ ಎಥನಾಲ್ ಮಿತಿ ಮೀರಿದರೆ ಹಳೆಯ ಕಾರುಗಳ ರಬ್ಬರ್ ಕೊಳವೆ, ಸೀಲು ಮತ್ತು ಕೆಲವು ಲೋಹದ ಭಾಗಗಳು ಹಾಳಾಗುತ್ತವೆ. ಆದ್ದರಿಂದ ಕೈಪಿಡಿಯಲ್ಲಿ ಎರಡು ಸಂಖ್ಯೆಗಳನ್ನು ಹುಡುಕಬೇಕು, ಒಂದು ಆಕ್ಟೇನ್‌ನದು, ಇನ್ನೊಂದು ಎಥನಾಲ್ ಮಿತಿಯದು. ಶೇ 10ರ ಮಿಶ್ರಣದಲ್ಲಿ ಎಥನಾಲ್ ಇಲ್ಲದ ಪೆಟ್ರೋಲಿಗಿಂತ ಲೀಟರಿಗೆ ಸುಮಾರು ಶೇ 3ರಷ್ಟು ಶಕ್ತಿ ಕಡಿಮೆ ಇರುವುದರಿಂದ ಮೈಲೇಜ್ ಅಷ್ಟರಮಟ್ಟಿಗೆ ಇಳಿದರೆ ಅದು ಕಾರಿನ ದೋಷವಲ್ಲ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿಡುವ ಕಾರಿನ ಟ್ಯಾಂಕಿನಲ್ಲಿ ಅಂಥ ಮಿಶ್ರಣವನ್ನು ಬಹುಕಾಲ ಬಿಡುವುದು ಒಳ್ಳೆಯದಲ್ಲ.

ಐದನೆಯ ಹೆಜ್ಜೆ: ಎಂಜಿನ್ನಿನ ಮಾತನ್ನು ಕೇಳಿಸಿಕೊಳ್ಳಿ

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಏರು ರಸ್ತೆಯಲ್ಲಿ, ಮೇಲಿನ ಗಿಯರಿನಲ್ಲಿ ನಿಧಾನ ವೇಗದಿಂದ ಆಕ್ಸಿಲರೇಟರನ್ನು ಒತ್ತಿ ನೋಡಿ. ತಗಡಿನ ಮೇಲೆ ಸಣ್ಣ ಹರಳುಗಳು ಉದುರಿದಂಥ ಟಿಕಿಟಿಕಿ ಸದ್ದು ಕೇಳಿಸಿ, ಆಕ್ಸಿಲರೇಟರ್ ಸಡಿಲಿಸಿದ ಕೂಡಲೇ ನಿಂತುಹೋದರೆ ಅದು ನಾಕಿಂಗ್ ಆಗಿರುವ ಸಂಭವ ಹೆಚ್ಚು. ಕಿಟಕಿ ತೆರೆದು, ಗೋಡೆಯ ಪಕ್ಕದಲ್ಲಿ ಹೋಗುವಾಗ ಆಲಿಸಿದರೆ ಸದ್ದು ಮರುಧ್ವನಿಸಿ ಸ್ಪಷ್ಟವಾಗುತ್ತದೆ. ಸೆನ್ಸರ್ ಇರುವ ಕಾರುಗಳಲ್ಲಿ ಸದ್ದು ಕೇಳುವ ಮೊದಲೇ ಕಂಪ್ಯೂಟರ್ ಕಿಡಿಯನ್ನು ತಡ ಮಾಡಿರುವುದರಿಂದ, ಏರಿನಲ್ಲಿ ಎಳೆತ ಕಡಿಮೆಯಾಗಿರುವುದಷ್ಟೇ ಅನುಭವಕ್ಕೆ ಬರಬಹುದು.

ಆಗ ಏನು ಮಾಡಬೇಕು? ಮೊದಲು, ಹಾಕಿಸಿದ ಪೆಟ್ರೋಲ್ ಕೈಪಿಡಿಯ ಸಂಖ್ಯೆಯದೇ ಎಂದು ಖಚಿತಪಡಿಸಿಕೊಳ್ಳಿ. ಹೌದಾಗಿದ್ದರೆ ಬೇರೆ ಬಂಕಿನಲ್ಲಿ ಅದೇ ಸಂಖ್ಯೆಯದನ್ನು ಒಂದು ಟ್ಯಾಂಕ್ ಹಾಕಿಸಿ ನೋಡಿ. ಆಗಲೂ ನಿಲ್ಲದಿದ್ದರೆ ಒಂದು ಮೆಟ್ಟಿಲು ಮೇಲಿನ ಸಂಖ್ಯೆಗೆ ಹೋಗಿ. ಅಲ್ಲಿಗೆ ಸದ್ದು ನಿಂತಿತೆಂದು ಸಮಾಧಾನಪಟ್ಟು ಅದನ್ನೇ ಮುಂದುವರಿಸಬೇಡಿ. ಹಿಂದೆ ಇಲ್ಲದ ನಾಕಿಂಗ್ ಈಗ ಬಂದಿದೆ ಎಂದರೆ ಕಾರಣ ಎಂಜಿನ್ನಿನೊಳಗೆ ಇರಬಹುದು. ದಹನ ಕೋಣೆಯಲ್ಲಿ ಇಂಗಾಲ ಕಟ್ಟಿಕೊಂಡಿರಬಹುದು. ಅದು ಶಾಖವನ್ನು ಹಿಡಿದಿಡುವುದಲ್ಲದೆ ಕೋಣೆಯ ಜಾಗವನ್ನೂ ಕಿರಿದಾಗಿಸುವುದರಿಂದ ಎಂಜಿನ್ನಿಗೆ ಬೇಕಾಗುವ ಆಕ್ಟೇನ್ ಸಂಖ್ಯೆ ವರ್ಷಗಳು ಕಳೆದಂತೆ ಏರುತ್ತದೆ. ಕೂಲಂಟ್ ಕಡಿಮೆಯಾಗಿ ಎಂಜಿನ್ ಹೆಚ್ಚು ಕಾಯುತ್ತಿರಬಹುದು. ತಪ್ಪು ಬಗೆಯ ಸ್ಪಾರ್ಕ್ ಪ್ಲಗ್ ಹಾಕಿರಬಹುದು, ಹೊಗೆಯ ಒಂದು ಭಾಗವನ್ನು ಮರಳಿ ಒಳಕ್ಕೆ ಬಿಡುವ ಇಜಿಆರ್ ಕವಾಟ ಕಟ್ಟಿಕೊಂಡಿರಬಹುದು. ದುಬಾರಿ ಪೆಟ್ರೋಲ್ ಈ ದೋಷಗಳನ್ನು ಮರೆಮಾಡುತ್ತದೆ, ಸರಿಪಡಿಸುವುದಿಲ್ಲ.

ಒಂದು ಎಚ್ಚರಿಕೆ. ನೇರವಾಗಿ ಸಿಲಿಂಡರಿಗೆ ಇಂಧನ ಚಿಮ್ಮಿಸುವ ಸಣ್ಣ ಟರ್ಬೋ ಎಂಜಿನ್ನುಗಳಲ್ಲಿ, ಕಡಿಮೆ ವೇಗದಲ್ಲಿ ಹೆಚ್ಚು ಭಾರ ಬಿದ್ದಾಗ ಕಿಡಿ ಹಾರುವುದಕ್ಕೂ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಇನ್ನೊಂದು ತೊಂದರೆಯಿದೆ. ಅಲ್ಲಿ ಎಂಜಿನ್ ಆಯಿಲ್‌ನ ಹನಿಗಳು ಮತ್ತು ಕಟ್ಟಿಕೊಂಡ ಇಂಗಾಲದ ಕಣಗಳು ಕಾರಣವಾಗುವುದರಿಂದ, ಕೈಪಿಡಿ ಹೇಳಿದ ದರ್ಜೆಯ ಆಯಿಲ್ ಹಾಕುವುದು ಮತ್ತು ಮೇಲಿನ ಗಿಯರಿನಲ್ಲಿ ಎಂಜಿನ್ನನ್ನು ಏದುಸಿರು ಬಿಡುವಂತೆ ಎಳೆಸದಿರುವುದು ಪೆಟ್ರೋಲಿನ ಸಂಖ್ಯೆಯಷ್ಟೇ ಮುಖ್ಯ.

ಪರಿಸ್ಥಿತಿಯೂ ಲೆಕ್ಕಕ್ಕೆ ಬರುತ್ತದೆ. ಒಳಬರುವ ಗಾಳಿ ಬಿಸಿಯಾದಷ್ಟೂ ನಾಕಿಂಗ್ ಹತ್ತಿರವಾಗುತ್ತದೆ. ತೇವಾಂಶವಿದ್ದರೆ ತುಸು ದೂರವಾಗುತ್ತದೆ. ತುಂಬಿದ ಕಾರು, ಹಿಂದೆ ಎಳೆಯುವ ಟ್ರೈಲರ್, ದೀರ್ಘವಾದ ಏರು ಇವೆಲ್ಲ ಎಂಜಿನ್ನಿನ ಮೇಲಿನ ಹೊರೆಯನ್ನು ಹೆಚ್ಚಿಸುತ್ತವೆ. ಶಿಫಾರಸು ಇರುವ ಕಾರಿನಲ್ಲಿ ದಿನನಿತ್ಯ ಕಡಿಮೆ ಸಂಖ್ಯೆಯದನ್ನು ಬಳಸುವವರು ಕೂಡ ಕಡು ಬೇಸಿಗೆಯಲ್ಲಿ ಭಾರ ಹೇರಿಕೊಂಡು ಬೆಟ್ಟ ಹತ್ತುವ ಪ್ರಯಾಣಕ್ಕೆ ಮೊದಲು ಶಿಫಾರಸಾದ ಸಂಖ್ಯೆಯನ್ನೇ ತುಂಬಿಸುವುದು ವಿವೇಕ. ಎತ್ತರದ ಪ್ರದೇಶದಲ್ಲಿ ಗಾಳಿ ವಿರಳವಾಗಿ ಸಿಲಿಂಡರಿನ ಒತ್ತಡ ಕಡಿಮೆಯಾಗುತ್ತದೆ ಎಂಬ ಕಾರಣಕ್ಕೆ ಅಮೆರಿಕದ ರಾಕಿ ಪರ್ವತ ಪ್ರದೇಶದ ಬಂಕುಗಳಲ್ಲಿ 85 ಎಕೆಐ ಪೆಟ್ರೋಲನ್ನೂ ಮಾರುತ್ತ ಬಂದಿದ್ದಾರೆ. ಅದು ಕಾರ್ಬ್ಯುರೇಟರ್ ಎಂಬ ಸಾಧನ ಗಾಳಿಗೆ ಪೆಟ್ರೋಲ್ ಬೆರೆಸುತ್ತಿದ್ದ ಕಾಲದ ಎಂಜಿನ್ನುಗಳಿಗೆ ಒಪ್ಪುತ್ತಿದ್ದ ರೂಢಿ. ಈಗಿನ ಎಂಜಿನ್ನುಗಳು ಗಾಳಿಯ ಒತ್ತಡಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತವೆ, ಟರ್ಬೋ ಇದ್ದರಂತೂ ಎತ್ತರದ ಕೊರತೆಯನ್ನು ಅದು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಅಲ್ಲಿಯೂ ಕೈಪಿಡಿಯ ಸಂಖ್ಯೆಗಿಂತ ಕೆಳಗಿಳಿಯಬೇಡಿ.

ಆರನೆಯ ಹೆಜ್ಜೆ: ಶಿಫಾರಸಿನ ಕಾರಾದರೆ ನೀವೇ ಅಳೆದು ನೋಡಿ

ಇದಕ್ಕೆ ಬೇಕಾದದ್ದು ಒಂದು ಪುಸ್ತಕ, ಒಂದು ಪೆನ್ನು, ಮತ್ತು ಸುಮಾರು ಎರಡು ತಿಂಗಳ ಸಹನೆ. ಟ್ಯಾಂಕನ್ನು ನಾಝಲ್ ತಾನಾಗಿ ನಿಲ್ಲುವವರೆಗೆ ತುಂಬಿಸಿ ಓಡೋಮೀಟರ್ ಬರೆದುಕೊಳ್ಳಿ. ಮುಂದಿನ ಬಾರಿಯೂ ಸಾಧ್ಯವಾದರೆ ಅದೇ ಬಂಕಿನ ಅದೇ ಯಂತ್ರದಲ್ಲಿ ನಾಝಲ್ ನಿಲ್ಲುವವರೆಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ತುಂಬಿಸಿದ ಲೀಟರಿನಿಂದ ಭಾಗಿಸಿ. ಒಂದು ಬಗೆಯ ಪೆಟ್ರೋಲಿನಲ್ಲಿ ಕನಿಷ್ಠ ಮೂರು ಟ್ಯಾಂಕ್ ಓಡಿಸಿ ಸರಾಸರಿ ತೆಗೆಯಿರಿ. ಇನ್ನೊಂದು ಬಗೆಗೆ ಬದಲಾದಾಗ ಮೊದಲ ಟ್ಯಾಂಕನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಳೆಯದು ಬೆರೆತಿರುತ್ತದೆ, ಕಂಪ್ಯೂಟರಿಗೂ ಹೊಸ ಇಂಧನಕ್ಕೆ ಕಿಡಿಯ ಸಮಯವನ್ನು ಹೊಂದಿಸಿಕೊಳ್ಳಲು ಕಾಲ ಬೇಕು. ಟೈರಿನ ಗಾಳಿ, ದಾರಿ, ಎಸಿಯ ಬಳಕೆ ಎರಡೂ ಅವಧಿಗಳಲ್ಲಿ ಒಂದೇ ಬಗೆಯಲ್ಲಿರಲಿ.

ನಂತರ ಲೆಕ್ಕ. ದುಬಾರಿ ಪೆಟ್ರೋಲ್ ಶೇ 8ರಷ್ಟು ಹೆಚ್ಚು ಬೆಲೆಯದು ಎಂದಿಟ್ಟುಕೊಳ್ಳಿ. ಸಾಮಾನ್ಯ ಪೆಟ್ರೋಲಿನಲ್ಲಿ ಕಾರು ಲೀಟರಿಗೆ 15 ಕಿಲೋಮೀಟರ್ ಓಡುತ್ತಿದ್ದರೆ, ದುಬಾರಿಯದರಲ್ಲಿ 16.2 ಕಿಲೋಮೀಟರ್ ಓಡಿದಾಗ ಮಾತ್ರ ಖರ್ಚು ಸಮವಾಗುತ್ತದೆ. 15.4 ಬಂದರೆ ಅದು ಶೇ 2.7ರ ಸುಧಾರಣೆ, ಹಣದ ಲೆಕ್ಕದಲ್ಲಿ ಇನ್ನೂ ನಷ್ಟವೇ. ಆದರೆ ಶಿಫಾರಸಿನ ಕಾರಿನಲ್ಲಿ ಈ ನಷ್ಟವನ್ನು ಒಪ್ಪಿಕೊಳ್ಳಲು ಕಾರಣಗಳಿವೆ: ಏರಿನಲ್ಲಿ ಸಿಗುವ ಎಳೆತ, ಬೇಸಿಗೆಯಲ್ಲಿ ಎಂಜಿನ್ನಿಗೆ ಸಿಗುವ ನೆಮ್ಮದಿ. ಅದು ಮಾಲೀಕರ ಆಯ್ಕೆ. ಕನಿಷ್ಠ 91 ಎಂದಷ್ಟೇ ಬರೆದಿರುವ ನನ್ನ ಸಾಧಾರಣ ಕಾರಿನಲ್ಲಿ ಇದೇ ರೀತಿ ಅಳೆದಾಗ, ಎರಡು ಬಗೆಯ ಪೆಟ್ರೋಲುಗಳ ನಡುವಿನ ಅಂತರವು ಒಂದೇ ಬಗೆಯ ಎರಡು ಟ್ಯಾಂಕುಗಳ ನಡುವಿನ ಅಂತರಕ್ಕಿಂತ ಚಿಕ್ಕದಾಗಿತ್ತು. ಅಂದಿನಿಂದ ನಾನು ದುಬಾರಿಯದನ್ನು ಹಾಕಿಸಿಲ್ಲ.

ಡಿಟರ್ಜೆಂಟುಗಳ ಪ್ರಶ್ನೆ ಬೇರೆ

ಇಂಧನ ಚಿಮ್ಮಿಸುವ ಇಂಜೆಕ್ಟರ್ ಮತ್ತು ಕವಾಟಗಳಲ್ಲಿ ಕೊಳೆ ಕಟ್ಟದಂತೆ ಪೆಟ್ರೋಲಿಗೆ ಡಿಟರ್ಜೆಂಟ್ ಎಂಬ ಶುಚಿಕಾರಕಗಳನ್ನು ಬೆರೆಸುತ್ತಾರೆ. ಕೆಲವು ಕಂಪನಿಗಳು ದುಬಾರಿ ಪೆಟ್ರೋಲಿನಲ್ಲಿ ಅವನ್ನು ಹೆಚ್ಚು ಹಾಕುವುದರಿಂದ, ಆಕ್ಟೇನ್ ಹೆಚ್ಚಾದರೆ ಎಂಜಿನ್ ಶುಚಿಯಾಗುತ್ತದೆ ಎಂಬ ಭಾವನೆ ಬೆಳೆದಿದೆ. ಶುಚಿಗೊಳಿಸುವುದು ಶುಚಿಕಾರಕವೇ ಹೊರತು ಆಕ್ಟೇನ್ ಅಲ್ಲ. ಕೆಲವು ಕಾರು ತಯಾರಕರು ಸೇರಿ 2004ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಟಾಪ್ ಟಿಯರ್ ಎಂಬ ಮಾನದಂಡವನ್ನು ಪಾಲಿಸುವ ಬಂಕುಗಳಲ್ಲಿ ಎಲ್ಲ ಸಂಖ್ಯೆಗಳ ಪೆಟ್ರೋಲಿಗೂ ನಿಗದಿತ ಶುಚಿಕಾರಕ ಇರಲೇಬೇಕು. ನೇರ ಇಂಜೆಕ್ಷನ್ ಇರುವ ಎಂಜಿನ್ನುಗಳಲ್ಲಿ ಪೆಟ್ರೋಲ್ ಒಳಸೇರುವ ಕವಾಟದ ಹಿಂಬದಿಯನ್ನು ತೊಳೆಯುವುದೇ ಇಲ್ಲವಾದ್ದರಿಂದ, ಅಲ್ಲಿನ ಕೊಳೆಗೆ ಯಾವ ಪೆಟ್ರೋಲೂ ಮದ್ದಲ್ಲ.

ತಪ್ಪಿ ಬೇರೆ ಸಂಖ್ಯೆ ಹಾಕಿಸಿದರೆ

ಹೆಚ್ಚಿನ ಸಂಖ್ಯೆಯದು ಬಿದ್ದಿದ್ದರೆ ಮಾಡಬೇಕಾದದ್ದು ಏನೂ ಇಲ್ಲ. ಕಡಿಮೆಯದು ಬಿದ್ದಿದ್ದರೆ ಟ್ಯಾಂಕ್ ಖಾಲಿ ಮಾಡಿಸುವ ಗಾಬರಿಯೂ ಬೇಡ. ಆಕ್ಸಿಲರೇಟರನ್ನು ಮೃದುವಾಗಿ ಬಳಸಿ, ಭಾರವನ್ನೂ ಅತಿವೇಗವನ್ನೂ ದೂರವಿಡಿ, ಮೊದಲ ಅವಕಾಶದಲ್ಲೇ ಮೇಲಿನ ಸಂಖ್ಯೆಯದನ್ನು ಬೆರೆಸಿ. ಬೆರೆತ ಪೆಟ್ರೋಲಿನ ಸಂಖ್ಯೆ ಸರಿಸುಮಾರು ಎರಡರ ಪಾಲಿನ ಸರಾಸರಿ. ಟ್ಯಾಂಕಿನಲ್ಲಿ 91ರ 20 ಲೀಟರ್ ಇದ್ದು, ಅದಕ್ಕೆ 98ರ 25 ಲೀಟರ್ ಸೇರಿಸಿದರೆ ಸುಮಾರು 94.9 ಆಗುತ್ತದೆ. ಇದೇ ಲೆಕ್ಕದಿಂದ, ನಿಮಗೆ ಬೇಕಾದ ನಡುವಿನ ಸಂಖ್ಯೆ ಬಂಕಿನಲ್ಲಿ ಇಲ್ಲದಿದ್ದಾಗ ಎರಡನ್ನು ಬೆರೆಸಿಯೂ ಅದನ್ನು ಪಡೆಯಬಹುದು. ಡೀಸೆಲ್ ಬಿದ್ದಿದ್ದರೆ ಮಾತ್ರ ವಿಷಯ ಬೇರೆ. ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳುವುದೇ ಅದರ ಗುಣ. ಎಂಜಿನ್ನನ್ನು ಚಾಲೂ ಮಾಡದೆ ಟ್ಯಾಂಕನ್ನು ಬರಿದು ಮಾಡಿಸಬೇಕು.

ಆಕ್ಟೇನ್ ಹೆಚ್ಚಿಸುತ್ತೇವೆಂದು ಸಣ್ಣ ಬಾಟಲಿಗಳಲ್ಲಿ ಮಾರುವ ದ್ರವಗಳ ಬಗ್ಗೆ ಎಚ್ಚರವಿರಲಿ. ಮೂರು ಪಾಯಿಂಟ್ ಏರುತ್ತದೆ ಎಂದು ಬಾಟಲಿಯ ಮೇಲೆ ಬರೆದಿದ್ದರೆ, ಆ ವ್ಯಾಪಾರದಲ್ಲಿ ಒಂದು ಪಾಯಿಂಟ್ ಎಂದರೆ ಬಹಳ ಸಲ ಆಕ್ಟೇನ್ ಸಂಖ್ಯೆಯ ಹತ್ತನೇ ಒಂದು ಭಾಗ. 91 ಇದ್ದದ್ದು 94 ಆಗುವ ಬದಲು 91.3 ಆಗುತ್ತದೆ. ಕೆಲವದರಲ್ಲಿ ಮ್ಯಾಂಗನೀಸ್ ಸಂಯುಕ್ತವಿದ್ದು, ಅದು ಸ್ಪಾರ್ಕ್ ಪ್ಲಗ್‌ಗಳ ಮೇಲೆ ಕೆಂಪು ಛಾಯೆಯ ಪದರವನ್ನು ಬಿಡುತ್ತದೆ.

ಹಳೆಯ ಕಾರುಗಳು

ನಾಕ್ ಸೆನ್ಸರ್ ಇಲ್ಲದ, ಕಾರ್ಬ್ಯುರೇಟರ್ ಇರುವ ಕಾರಿಗೆ ತನ್ನನ್ನು ತಾನು ಕಾಪಾಡಿಕೊಳ್ಳುವ ಶಕ್ತಿಯಿಲ್ಲ. ಅಲ್ಲಿ ಮಾಲೀಕರ ಕಿವಿಯೇ ಸೆನ್ಸರ್. ಸರಿಯಾದ ಸಂಖ್ಯೆಯ ಪೆಟ್ರೋಲಿನಲ್ಲೂ ನಾಕಿಂಗ್ ಇದ್ದರೆ ಇಗ್ನಿಷನ್ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಸಮಯವನ್ನು, ಅನುಭವಿ ಮೆಕ್ಯಾನಿಕ್‌ನಿಂದ ಒಂದೆರಡು ಡಿಗ್ರಿ ತಡ ಮಾಡಿಸಬೇಕು. 1921ರಲ್ಲಿ ಥಾಮಸ್ ಮಿಜ್ಲಿ ಎಂಬ ಎಂಜಿನಿಯರ್ ಅಮೆರಿಕದ ಒಂದು ಪ್ರಯೋಗಾಲಯದಲ್ಲಿ ಟೆಟ್ರಾ ಈಥೈಲ್ ಸೀಸದಿಂದ ನಾಕಿಂಗ್ ನಿಲ್ಲುತ್ತದೆಂದು ಕಂಡುಕೊಂಡ ಮೇಲೆ ದಶಕಗಳ ಕಾಲ ಪೆಟ್ರೋಲಿಗೆ ಸೀಸವನ್ನು ಬೆರೆಸಿದರು. ಮನುಷ್ಯರ, ಅದರಲ್ಲೂ ಮಕ್ಕಳ ಮಿದುಳಿಗೆ ಅದರಿಂದಾದ ಹಾನಿ ಅಪಾರ. ರಸ್ತೆ ವಾಹನಗಳಿಗೆ ಅದನ್ನು ಮಾರುವುದನ್ನು ಕೊನೆಯದಾಗಿ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ. ಆ ಕಾಲದ ಎಂಜಿನ್ನುಗಳ ಕವಾಟದ ಪೀಠಗಳಿಗೆ ಸೀಸ ರಕ್ಷಣೆಯನ್ನೂ ಕೊಡುತ್ತಿದ್ದರಿಂದ, ಅಂಥ ಕಾರನ್ನು ಇಟ್ಟುಕೊಂಡವರು ಗಟ್ಟಿಯಾದ ಪೀಠಗಳನ್ನು ಹಾಕಿಸಿಕೊಳ್ಳುವುದು ಒಳಿತು. ಆಕ್ಟೇನ್ ಏರಿಸಿದರೆ ಆ ಸವೆತ ನಿಲ್ಲುವುದಿಲ್ಲ. ಇನ್ನೂ ಸೀಸ ಬೆರೆಸುವ ವಿಮಾನದ ಪೆಟ್ರೋಲನ್ನು ಈಗಿನ ಕಾರಿಗೆ ಹಾಕಿದರೆ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಆಕ್ಸಿಜನ್ ಸೆನ್ಸರ್ ಕೆಡುತ್ತವೆ.

ಇಷ್ಟೆಲ್ಲ ನೋಡಿ ತೀರ್ಮಾನಿಸಿದ ಸಂಖ್ಯೆಯನ್ನು ನಿಮ್ಮ ನೆನಪಿನಲ್ಲಷ್ಟೇ ಇಟ್ಟುಕೊಳ್ಳಬೇಡಿ. ಮನೆಯ ಇತರರೂ ಚಾಲಕರೂ ಆ ಕಾರಿಗೆ ಪೆಟ್ರೋಲ್ ಹಾಕಿಸುತ್ತಾರೆ. ಇಂಧನದ ಮುಚ್ಚಳದ ಒಳಬದಿಯ ಚೀಟಿ ಮಾಸಿದ್ದರೆ ಅಥವಾ ಬೇರೆ ಮಾಪನದಲ್ಲಿದ್ದರೆ, ನಿಮ್ಮ ಬಂಕಿನ ಯಂತ್ರದ ಮೇಲೆ ಕಾಣುವ ಮಾಪನದಲ್ಲೇ ಕನಿಷ್ಠ ಆಕ್ಟೇನ್ ಮತ್ತು ಗರಿಷ್ಠ ಎಥನಾಲ್‌ನ ಸಂಖ್ಯೆಗಳೆರಡನ್ನೂ ನೀರಿಗೆ ಅಳಿಸದ ಶಾಯಿಯಲ್ಲಿ ಬರೆದು ಅಲ್ಲಿಯೇ ಅಂಟಿಸಿಡಿ.